ಸಂಬಳ ಚೀಟಿ ಮತ್ತು ಫಾರಂ 16: ಆನ್‌ಲೈನಲ್ಲಿ ಪಡೆಯುವುದು ಹೇಗೆ, ಸಿಗದಿದ್ದರೆ ಮುಂದೇನು

ಜೂನ್ ಬಂತೆಂದರೆ ಶಿರಸಿಯ ಜೆರಾಕ್ಸ್ ಅಂಗಡಿಯಲ್ಲೂ ಕಾರವಾರದ ಸೈಬರ್ ಸೆಂಟರಿನಲ್ಲೂ ಕೇಳಿಬರುವ ಮಾತು ಒಂದೇ: "ಫಾರಂ 16 ಇನ್‌ಕಮ್ ಟ್ಯಾಕ್ಸ್ ಸೈಟಲ್ಲೇ ಸಿಗ್ತದಂತಲ್ಲ, ಒಂದು ತೆಗೆದು ಕೊಡಿ ಮಾರಾಯ್ರೆ."

ಸಿಗುವುದಿಲ್ಲ. ಫಾರಂ 16 ಎಂಬ ಕಾಗದ ನಿಮಗೆ ಕೆಲಸ ಕೊಟ್ಟವರ ಕೈಯಿಂದಲೇ ಬರಬೇಕು. ನಿಮ್ಮ ಪ್ಯಾನ್, ಆಧಾರ್, ಒಟಿಪಿ ಎಲ್ಲ ಇದ್ದರೂ ಸರ್ಕಾರದ ಜಾಲತಾಣದಲ್ಲಿ ಅದನ್ನು ಡೌನ್‌ಲೋಡ್ ಮಾಡುವ ಗುಂಡಿ ನೌಕರನ ಲಾಗಿನ್ನಿನಲ್ಲಿ ಇಲ್ಲವೇ ಇಲ್ಲ. "ಫಾರಂ 16 ತೆಗೆದುಕೊಡುತ್ತೇವೆ" ಎಂದು ಪ್ಯಾನ್ ಮತ್ತು ಜನ್ಮದಿನಾಂಕ ಕೇಳುವ ಆ್ಯಪ್ ಕಂಡರೆ ಅಲ್ಲಿಂದ ಹೊರಡುವುದು ಒಳ್ಳೆಯದು. ಸರ್ಕಾರದ ಸೈಟಿನಲ್ಲಿ ಸಿಗುವುದು ಬೇರೆ ಕಾಗದಗಳು. ಅವು ಯಾವುವು, ಎಲ್ಲಿವೆ, ಯಾವುದಕ್ಕೆ ಯಾರನ್ನು ಹಿಡಿಯಬೇಕು ಎನ್ನುವುದೇ ಇಲ್ಲಿನ ವಿಷಯ.

ಯಾವ ಕಾಗದ ಯಾರ ಹತ್ತಿರ

ಸಂಬಳ ಚೀಟಿ, ಅಂದರೆ ಪೇ ಸ್ಲಿಪ್, ತಿಂಗಳ ಲೆಕ್ಕ. ಫಾರಂ 16 ವರ್ಷದ ಲೆಕ್ಕ: ನಿಮ್ಮ ಸಂಬಳದಲ್ಲಿ ಇಷ್ಟು ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಿದ್ದೇವೆ ಎಂದು ಸಂಸ್ಥೆ ಕೊಡುವ ಪ್ರಮಾಣಪತ್ರ. ಅದರಲ್ಲಿ ಎರಡು ಭಾಗ. ಯಾವ ಮೂರು ತಿಂಗಳಲ್ಲಿ ಎಷ್ಟು ಮುರಿದರು, ಎಷ್ಟು ಕಟ್ಟಿದರು ಎಂಬುದು ಎ ಭಾಗ. ಸಂಬಳದ ಬಿಡಿ ವಿವರ, ವಿನಾಯಿತಿ, ತೆರಿಗೆಯ ಲೆಕ್ಕಾಚಾರ ಬಿ ಭಾಗ. ಎರಡನ್ನೂ ಸಂಸ್ಥೆಯವರು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದಲೇ ತೆಗೆಯಬೇಕು. ಅಲ್ಲಿಗೆ ಅವರು ಹೋಗುವುದು ತಮ್ಮ ಟ್ಯಾನ್ ಸಂಖ್ಯೆಯ (ತೆರಿಗೆ ಮುರಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ) ಲಾಗಿನ್ ಮೂಲಕ. ಹಾಗಾಗಿ ಯಾರಾದರೂ ವರ್ಡ್‌ನಲ್ಲಿ ಟೈಪ್ ಮಾಡಿ, ಸೀಲು ಒತ್ತಿ "ಇದೇ ಫಾರಂ 16" ಎಂದರೆ ಒಪ್ಪಬೇಡಿ. ಎ ಭಾಗದ ಮೇಲೆ ಟ್ರೇಸಸ್ ಗುರುತು ಮತ್ತು ಪ್ರಮಾಣಪತ್ರ ಸಂಖ್ಯೆ ಇರಲೇಬೇಕು.

ಇಲಾಖೆಯಿಂದ ನೀವೇ ತೆಗೆಯಬಹುದಾದವು ಎರಡು: ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆ ತೋರಿಸುವ ಫಾರಂ 26ಎಎಸ್ ಮತ್ತು ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ. ಪಿಎಫ್ ಪಾಸ್‌ಬುಕ್ ಭವಿಷ್ಯ ನಿಧಿ ಸಂಸ್ಥೆ ಇಪಿಎಫ್ಒ ಹತ್ತಿರ. ಬ್ಯಾಂಕಿನ ಎಫ್‌ಡಿ ಬಡ್ಡಿಯಲ್ಲಿ ತೆರಿಗೆ ಮುರಿದಿದ್ದರೆ ಅದಕ್ಕೆ ಕೊಡುವುದು ಫಾರಂ 16ಎ. ಹೆಸರು ಹತ್ತಿರ ಹತ್ತಿರ ಇದೆಯೆಂದು ಅದನ್ನು ಎಚ್‌ಆರ್ ಹತ್ತಿರ ಕೇಳಿದರೆ ಪ್ರಯೋಜನವಿಲ್ಲ, ಬ್ಯಾಂಕಿಗೇ ಹೋಗಬೇಕು.

ದಿನಾಂಕದ ಮಾತು. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್, ಅಂದರೆ ಮುರಿದ ತೆರಿಗೆಯ, ಲೆಕ್ಕವನ್ನು ಸಂಸ್ಥೆ ಸಲ್ಲಿಸಲು ಮೇ 31ರವರೆಗೆ ಅವಕಾಶವಿದೆ. ಅದಾದ ಮೇಲೆಯೇ ಫಾರಂ 16 ತಯಾರಾಗುವುದು, ಜೂನ್ 15ರೊಳಗೆ ನಿಮ್ಮ ಕೈ ಸೇರಬೇಕು. ಏಪ್ರಿಲಿನಲ್ಲೇ ಎಚ್‌ಆರ್‌ಗೆ ಫೋನ್ ಮಾಡಿ ಜಗಳ ತೆಗೆದರೆ ಅವರ ಹತ್ತಿರವೂ ಇರುವುದಿಲ್ಲ. ಇನ್ನೊಂದು: 2025-26ರವರೆಗಿನ ಸಂಬಳಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಲೆಕ್ಕಕ್ಕೆ ಬರುತ್ತದೆ. 2026ರ ಏಪ್ರಿಲ್ 1ರಿಂದಾಚೆಗಿನ ಸಂಬಳಕ್ಕೆ 2025ರ ಹೊಸ ಕಾಯ್ದೆ. ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಕೆಳಗೆ ಹೇಳಿದ ಕಲಂಗಳೆಲ್ಲ ಹಳೆಯ ಕಾಯ್ದೆಯವು.

ಕಂಪನಿಯ ಪೋರ್ಟಲಿನಿಂದ

ನಮ್ಮ ಉತ್ತರ ಕನ್ನಡ ಕಡೆಯ ಹುಡುಗರು ಹೆಚ್ಚಿನವರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕಂಪನಿಗಳಲ್ಲಿದ್ದಾರೆ. ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರಿದ್ದಾರೆ. ಹೆಗಡೆಕಟ್ಟಾ, ಸಾಲ್ಕಣಿ ಕಡೆ ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿಯುವವರೂ ಇದ್ದಾರೆ. ಇವರೆಲ್ಲರ ಸಂಬಳದ ಲೆಕ್ಕ ಸಾಮಾನ್ಯವಾಗಿ ಗ್ರೇಟ್‌ಎಚ್‌ಆರ್, ಕೇಕಾ, ಜೋಹೋ ಪೇರೋಲ್, ಡಾರ್ವಿನ್‌ಬಾಕ್ಸ್, ಇಲ್ಲವೇ ದೊಡ್ಡ ಕಂಪನಿಯಾದರೆ ಎಸ್‌ಎಪಿ, ವರ್ಕ್‌ಡೇ ಇಂಥ ಯಾವುದಾದರೊಂದರಲ್ಲಿ ಇರುತ್ತದೆ. ಒಂದೊಂದರ ಮುಖಪುಟ ಒಂದೊಂದು ತರಹ, ಆದರೆ ದಾರಿ ಸುಮಾರು ಇದೇ.

1. ಪೋರ್ಟಲಿನ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಪ್ರತಿ ಕಂಪನಿಗೂ ಅದರ ಹೆಸರಿನದೇ ಬೇರೆ ವಿಳಾಸ ಇರುತ್ತದೆ. ಕೆಲಸಕ್ಕೆ ಸೇರಿದಾಗ ಬಂದ ಮೇಲ್‌ನಲ್ಲಿ ಆ ಕೊಂಡಿ ಇರುತ್ತದೆ. ಸಿಗದಿದ್ದರೆ ಎಚ್‌ಆರ್ ಹತ್ತಿರ ಕೇಳಿ ಪಡೆಯಿರಿ.

2. ನೌಕರ ಸಂಖ್ಯೆ ಅಥವಾ ಆಫೀಸಿನ ಮೇಲ್ ಹಾಕಿ ಒಳಗೆ ಹೋಗಿ. ಪಾಸ್‌ವರ್ಡ್ ಮರೆತಿದ್ದರೆ 'ಫರ್ಗಾಟ್ ಪಾಸ್‌ವರ್ಡ್' ಒತ್ತಿ, ಆದರೆ ಹೊಸ ಪಾಸ್‌ವರ್ಡಿನ ಕೊಂಡಿ ಯಾವ ಮೇಲ್‌ಗೆ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

3. ಸಂಬಳ ಚೀಟಿ ಇರುವುದು 'ಸ್ಯಾಲರಿ', 'ಪೇ' ಅಥವಾ 'ಫೈನಾನ್ಸಸ್' ಎಂಬ ವಿಭಾಗದ ಒಳಗೆ. ತಿಂಗಳು ಆರಿಸಿ ಡೌನ್‌ಲೋಡ್ ಒತ್ತಿ. ಹನ್ನೆರಡು ತಿಂಗಳದ್ದೂ ತೆಗೆದಿಟ್ಟುಕೊಳ್ಳಿ, ಬ್ಯಾಂಕಿನವರು ಕೇಳುವ ಕೊನೆಯ ಮೂರು ತಿಂಗಳದ್ದು ಮಾತ್ರ ಸಾಲದು.

4. ಫಾರಂ 16 ಅದೇ ವಿಭಾಗದಲ್ಲಿ ಇರಬಹುದು, ಇಲ್ಲವಾದರೆ 'ಡಾಕ್ಯುಮೆಂಟ್ಸ್' ಅಥವಾ 'ಟ್ಯಾಕ್ಸ್' ಎಂಬಲ್ಲಿ. ಎ ಭಾಗ, ಬಿ ಭಾಗ ಬೇರೆ ಬೇರೆ ಫೈಲಾಗಿ ಇರುವುದೂ ಉಂಟು. ಒಂದನ್ನೇ ತೆಗೆದು ಮುಗಿಯಿತು ಎಂದುಕೊಳ್ಳಬೇಡಿ.

5. 'ಐಟಿ ಸ್ಟೇಟ್‌ಮೆಂಟ್' ಎಂದು ಇನ್ನೊಂದು ಕಾಣುತ್ತದೆ. ಅದು ಕಂಪನಿಯ ಒಳಗಿನ ಅಂದಾಜು ಲೆಕ್ಕ, ಫಾರಂ 16 ಅಲ್ಲ. ಆದರೂ ತೆಗೆದಿಡಿ, ಮುಂದೆ ತಾಳೆ ನೋಡಲು ಬೇಕಾಗುತ್ತದೆ.

ಫೋನಿನಲ್ಲಿ ಡೌನ್‌ಲೋಡ್ ಮಾಡಿದರೆ ಫೈಲಿನ ಹೆಸರು ಅರ್ಥವಾಗದ ಅಂಕಿಗಳ ಸರಮಾಲೆಯಾಗಿರುತ್ತದೆ. ಆಗಲೇ ವರ್ಷ, ಸಂಸ್ಥೆ, ಕಾಗದದ ಹೆಸರು ಹಾಕಿ ಬದಲಿಸಿ, ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟರೆ ಅದು ನಿಮ್ಮ ಹತ್ತಿರ ಇದ್ದಂತಲ್ಲ.

ಮಳೆಗಾಲದ ತಾಪತ್ರಯ ಬೇರೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ವೈಫೈ ಇದ್ದರೂ ಒಟಿಪಿ ಬರುವುದಿಲ್ಲ, ಬಂದಾಗ ಅದರ ಅವಧಿ ಮುಗಿದಿರುತ್ತದೆ. ಒಟಿಪಿಯನ್ನು ಮೇಲ್‌ಗೆ ಕಳಿಸುವ ಆಯ್ಕೆ ಪೋರ್ಟಲಿನಲ್ಲಿದ್ದರೆ ಅದನ್ನೇ ಹಾಕಿಕೊಳ್ಳಿ. ಆದಾಯ ತೆರಿಗೆ ಸೈಟಿಗಾದರೆ ನೆಟ್ ಬ್ಯಾಂಕಿಂಗ್ ಮೂಲಕವೂ ಒಳಗೆ ಹೋಗಬಹುದು, ಹಳ್ಳಿಯಲ್ಲಿರುವವರಿಗೆ ಅದೇ ವಾಸಿ.

ಪಾಸ್‌ವರ್ಡ್, ಮತ್ತು ಸಹಿಯ ಮೇಲಿನ ಪ್ರಶ್ನೆಚಿಹ್ನೆ

ಕೈಗೆ ಬಂದ ಪಿಡಿಎಫ್ ತೆರೆಯದಿರುವುದು ಎಲ್ಲರೂ ಎಡವುವ ಜಾಗ. ಪಾಸ್‌ವರ್ಡ್ ಏನೆಂದು ಹೆಚ್ಚಾಗಿ ಅದೇ ಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಬರೆಯದಿದ್ದರೆ ಮೊದಲು ಪ್ಯಾನ್ ಸಂಖ್ಯೆ ಮಾತ್ರ ಹಾಕಿ ನೋಡಿ, ದೊಡ್ಡಕ್ಷರದಲ್ಲೊಮ್ಮೆ, ಸಣ್ಣಕ್ಷರದಲ್ಲೊಮ್ಮೆ. ಆಗದಿದ್ದರೆ ಪ್ಯಾನ್ ಜೊತೆ ಜನ್ಮದಿನಾಂಕ. ಎಐಎಸ್ ಪಿಡಿಎಫ್‌ಗೆ ಖಚಿತವಾಗಿ ಹೀಗೇ: ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಕೊಂಡೇ ದಿನ, ತಿಂಗಳು, ವರ್ಷ. 1990ರ ಮಾರ್ಚ್ 5ರಂದು ಹುಟ್ಟಿದವರು ಪ್ಯಾನ್ ನಂತರ 05031990 ಎಂದು ಹಾಕಬೇಕು. ನಡುವೆ ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ. ಜನ್ಮದಿನಾಂಕ ಎಂದರೆ ಪ್ಯಾನ್ ಕಾರ್ಡಿನಲ್ಲಿರುವುದು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನಾಂಕವೇ ಕಾರ್ಡಿನಲ್ಲಿದ್ದರೆ ಅದನ್ನೇ ಹಾಕಿ, ಮನೆಯಲ್ಲಿ ಹೇಳುವ ನಿಜವಾದದ್ದನ್ನಲ್ಲ.

ಇನ್ನೊಂದು, ನೋಡಲು ಸಣ್ಣದು, ಬ್ಯಾಂಕಿನ ಕೌಂಟರಿನಲ್ಲಿ ದೊಡ್ಡದಾಗುವಂಥದು. ಫಾರಂ 16ರ ಕೊನೆಯ ಪುಟದಲ್ಲಿ ಡಿಜಿಟಲ್ ಸಹಿ ಇರುತ್ತದೆ. ಅದರ ಮೇಲೆ ಹಳದಿ ಪ್ರಶ್ನೆಚಿಹ್ನೆ, ಪಕ್ಕದಲ್ಲಿ 'ವ್ಯಾಲಿಡಿಟಿ ಅನ್‌ನೋನ್' ಎಂಬ ಬರಹ. ಪ್ರಿಂಟ್ ತೆಗೆದರೆ ಅದೂ ಪ್ರಿಂಟಾಗುತ್ತದೆ, ಸಾಲ ವಿಭಾಗದವರು ಒಪ್ಪದೆ ವಾಪಸು ಕಳಿಸುತ್ತಾರೆ. ಸಹಿ ಖೋಟಾ ಎಂದು ಇದರ ಅರ್ಥವಲ್ಲ, ನಿಮ್ಮ ಕಂಪ್ಯೂಟರು ಆ ಸಹಿಯನ್ನು ಇನ್ನೂ ಪರೀಕ್ಷಿಸಿಲ್ಲ ಅಷ್ಟೇ. ಫೋನಿನಲ್ಲಿ ಇದು ಸರಿಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಿಂದ ಫೈಲ್ ತೆರೆಯಿರಿ. ಸಹಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸಿಗ್ನೇಚರ್ ಪ್ರಾಪರ್ಟೀಸ್'ಗೆ ಹೋಗಿ. ಅಲ್ಲಿ ಸಹಿದಾರರ ಸರ್ಟಿಫಿಕೇಟ್ ತೋರಿಸು ಎಂಬುದನ್ನು ಒತ್ತಿ, 'ಟ್ರಸ್ಟ್' ಎಂಬ ಭಾಗದಲ್ಲಿ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಿ. ವಾಪಸು ಬಂದು 'ವ್ಯಾಲಿಡೇಟ್' ಒತ್ತಿದರೆ ಹಳದಿ ಹೋಗಿ ಹಸಿರು ಸರಿಗುರುತು ಬರುತ್ತದೆ. ಆಮೇಲೆ ಪ್ರಿಂಟ್ ತೆಗೆಯಿರಿ. ನಂಬಿಕೆಯ ಪಟ್ಟಿಗೆ ಸೇರಿಸುವ ಮೊದಲು ಸರ್ಟಿಫಿಕೇಟಿನಲ್ಲಿ ನಿಮ್ಮ ಸಂಸ್ಥೆಯವರ ಹೆಸರೇ ಇದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ.

ಪ್ರತಿ ಸಲ ಪಾಸ್‌ವರ್ಡ್ ಹಾಕುವ ಕಾಟ ಬೇಡವೆಂದು ಕೆಲವರು ಬ್ರೌಸರಿನಲ್ಲಿ ತೆರೆದು ಪಿಡಿಎಫ್ ಆಗಿ ಮತ್ತೆ ಉಳಿಸುತ್ತಾರೆ. ಪಾಸ್‌ವರ್ಡ್ ಹೋಗುತ್ತದೆ, ಅದರ ಜೊತೆಗೆ ಡಿಜಿಟಲ್ ಸಹಿಯೂ ಹೋಗಿ ಬರೀ ಚಿತ್ರ ಉಳಿಯುತ್ತದೆ. ಮೂಲ ಫೈಲನ್ನು ಹಾಗೇ ಇಟ್ಟುಕೊಂಡು ಪ್ರತಿಗೆ ಬೇಕಾದರೆ ಹೀಗೆ ಮಾಡಿ.

ರಾಜ್ಯ ಸರ್ಕಾರಿ ನೌಕರರು, ಮಾಸ್ತರರು

ರಾಜ್ಯ ಸರ್ಕಾರದ ಸಂಬಳದ ಬಿಲ್ ಆಗುವುದು ಅದರ ನೌಕರರ ಲೆಕ್ಕದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ. ನೌಕರರು ತಮ್ಮ ಚೀಟಿ ತಾವೇ ನೋಡಲು ಅದರದೇ ಇಎಸ್‌ಎಸ್ ಎಂಬ ಪೋರ್ಟಲ್ ಇದೆ. ಬೇಕಾದ್ದು ಕೆಜಿಐಡಿ ಸಂಖ್ಯೆ, ಜನ್ಮದಿನಾಂಕ, ಮತ್ತು ಎಚ್‌ಆರ್‌ಎಂಎಸ್‌ನಲ್ಲಿ ದಾಖಲಾದ ಮೊಬೈಲ್. ಒಳಗೆ ಹೋಗಿ ತಿಂಗಳು, ವರ್ಷ ಆರಿಸಿದರೆ ಪೇ ಸ್ಲಿಪ್ ಬರುತ್ತದೆ. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಒಂದು ಕಡೆ. ಕೆಜಿಐಡಿ ಕಂತು, ಎನ್‌ಪಿಎಸ್ ಅಥವಾ ಜಿಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಇನ್ನೊಂದು ಕಡೆ.

ಒಟಿಪಿ ಬಾರದಿದ್ದರೆ ಹಳೆಯ ಮೊಬೈಲ್ ನಂಬರ್ ದಾಖಲೆಯಲ್ಲಿ ಉಳಿದಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬದಲಿಸಲು ಸಂಬಳ ಬಿಲ್ ಮಾಡುವ ಕಚೇರಿಗೆ, ಅಂದರೆ ಡಿಡಿಓ ಕಚೇರಿಗೆ, ಅರ್ಜಿ ಕೊಡಬೇಕು. ಪ್ರಾಥಮಿಕ ಶಾಲೆಯವರಿಗೆ ಅದು ಬಿಇಒ ಕಚೇರಿ.

ಫಾರಂ 16 ಮಾತ್ರ ಇಲ್ಲೂ ಡಿಡಿಓ ಕಡೆಯಿಂದಲೇ. ಅವರ ಟ್ಯಾನ್ ಬೇರೆ, ಅವರ ಟ್ರೇಸಸ್ ಲಾಗಿನ್ ಬೇರೆ. ವರ್ಷದ ನಡುವೆ ವರ್ಗವಾದವರು ಇದನ್ನು ಗಮನಿಸಬೇಕು. ಜೂನ್‌ವರೆಗೆ ಜೋಯಿಡಾ ತಾಲೂಕಿನಲ್ಲಿದ್ದು ಜುಲೈಯಿಂದ ಹೊನ್ನಾವರದಲ್ಲಿ ಸಂಬಳ ತೆಗೆದುಕೊಂಡ ಶಿಕ್ಷಕಿಗೆ ಇಬ್ಬರು ಡಿಡಿಓ, ಎರಡು ಟ್ಯಾನ್. ಎರಡೂ ಕಚೇರಿಯಲ್ಲಿ ತೆರಿಗೆ ಮುರಿದಿದ್ದರೆ ಎರಡು ಎ ಭಾಗ ಬರಬೇಕು. "ಸರ್ಕಾರ ಒಂದೇ ಅಲ್ವಾ" ಎಂದು ಹೊನ್ನಾವರದ್ದೊಂದನ್ನೇ ಇಟ್ಟುಕೊಂಡು ರಿಟರ್ನ್ ಹಾಕಿದರೆ ಮೊದಲ ಮೂರು ತಿಂಗಳ ಸಂಬಳವೇ ಲೆಕ್ಕ ತಪ್ಪುತ್ತದೆ, ಇಲಾಖೆಯ ಕಂಪ್ಯೂಟರು ಅದನ್ನು ಹಿಡಿಯುತ್ತದೆ.

ಪಿಂಚಣಿದಾರರಿಗೆ ಒಂದು ಮಾತು. ಪಿಂಚಣಿಯೂ ತೆರಿಗೆ ಲೆಕ್ಕಕ್ಕೆ ಸಂಬಳವೇ, ಪಿಂಚಣಿ ಕೊಡುವ ಬ್ಯಾಂಕೇ ಫಾರಂ 16 ಕೊಡಬೇಕು. ಎಸ್‌ಬಿಐನಲ್ಲಿ ಪಡೆಯುವವರಿಗೆ ಪೆನ್ಷನ್ ಸೇವಾ ಎಂಬ ಜಾಲತಾಣವಿದೆ, ಸೇನೆಯಿಂದ ನಿವೃತ್ತರಾದವರಿಗೆ ಸ್ಪರ್ಶ್.

ಗುತ್ತಿಗೆ ಕೆಲಸ, ಸಣ್ಣ ಸಂಸ್ಥೆ: ಪೋರ್ಟಲೇ ಇಲ್ಲದವರು

ಕೈಗಾ ಕಡೆ, ಅರಗಾದ ನೌಕಾನೆಲೆ ಕಡೆ, ದಾಂಡೇಲಿಯಲ್ಲಿ, ಅಂಕೋಲಾ ಕುಮಟಾದ ಹೋಟೆಲು, ಶೋರೂಮುಗಳಲ್ಲಿ ದುಡಿಯುವ ಎಷ್ಟೋ ಜನ ಗುತ್ತಿಗೆದಾರನ ಅಥವಾ ಸಣ್ಣ ಮಾಲೀಕರ ಕೈಕೆಳಗಿನವರು. ಅವರಿಗೆ ಎಚ್‌ಆರ್ ಪೋರ್ಟಲ್ ಎಂಬ ಮಾತೇ ಹೊಸದು. ಆದರೆ ವೇತನ ಚೀಟಿ ಅವರಿಗೂ ಹಕ್ಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ ಕಲಂ 50 ಪ್ರತಿಯೊಬ್ಬ ಮಾಲೀಕನೂ ವೇತನ ಚೀಟಿ ಕೊಡಬೇಕು ಎನ್ನುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿ ಎಂದು ಕೇಳಿ. "ಚೀಟಿ ಎಂಥಕ್ಕೆ, ದುಡ್ಡು ಬಂತಲ್ಲ" ಎನ್ನುವವರಿಗೆ "ಬ್ಯಾಂಕಿನವರು ಕೇಳ್ತಿದ್ದಾರೆ ಸಾವ್ಕಾರ್ರೆ" ಎಂದರೆ ಜಗಳವಿಲ್ಲದೆ ಕೆಲಸವಾಗುವುದೇ ಹೆಚ್ಚು. ಕೇಂದ್ರ ಸರ್ಕಾರದ ಸಂಸ್ಥೆಯೊಳಗಿನ ಗುತ್ತಿಗೆ ಕೆಲಸವಾದರೆ ದೂರು ಹೋಗಬೇಕಾದ್ದು ಕೇಂದ್ರದ ಕಾರ್ಮಿಕ ಅಧಿಕಾರಿಗಳಿಗೆ. ಊರಿನ ಅಂಗಡಿ, ಹೋಟೆಲಾದರೆ ರಾಜ್ಯದ ಕಾರ್ಮಿಕ ಇಲಾಖೆಗೆ.

ಚೀಟಿ ಕೊಡದವರ ಲೆಕ್ಕ ತಿಳಿಯಲು ಇನ್ನೊಂದು ದಾರಿ ಪಿಎಫ್ ಪಾಸ್‌ಬುಕ್. ಯುಎಎನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇದ್ದರೆ ಉಮಂಗ್ ಆ್ಯಪಿನಲ್ಲಿ ನೋಡಬಹುದು. ಯುಎಎನ್ ಜೊತೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಪಿಎಫ್ ಖಾತೆಯಲ್ಲಿರುವ ಮೊತ್ತದ ಸಂದೇಶ ಬರುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ.

ಓದುವುದು ಹೇಗೆಂದು ಒಂದು ಲೆಕ್ಕದಲ್ಲೇ ನೋಡೋಣ. ತಿಂಗಳಿಗೆ ಒಟ್ಟು 28,000 ಸಂಬಳ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ಎಂದುಕೊಳ್ಳಿ. ನಿಮ್ಮ ಪಾಲಿನ ಪಿಎಫ್ ಅದರ ಶೇ. 12, ಅಂದರೆ 1,800. ಸಂಬಳ 25,000 ಮತ್ತು ಅದಕ್ಕಿಂತ ಹೆಚ್ಚಾದ್ದರಿಂದ ವೃತ್ತಿ ತೆರಿಗೆ 200. ಕೈಗೆ 26,000. ಫೆಬ್ರುವರಿಯಲ್ಲಿ ಮಾತ್ರ 25,900 ಬರುತ್ತದೆ. ಯಾರೂ ನೂರು ರೂಪಾಯಿ ಹೊಡೆದಿಲ್ಲ: 2025ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಫೆಬ್ರುವರಿಯ ವೃತ್ತಿ ತೆರಿಗೆ 300, ವರ್ಷಕ್ಕೆ ಒಟ್ಟು 2,500. ಈಗ ಪಾಸ್‌ಬುಕ್ ತೆರೆಯಿರಿ. ನಿಮ್ಮ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250 ಎಂದು ಮೂರು ಕಾಲಂ ಕಾಣಬೇಕು. ಮಾಲೀಕರು ಕಟ್ಟುವುದೂ 1,800 ರೂಪಾಯಿಯೇ, ಅದು ಎರಡಾಗಿ ಹೋಗುತ್ತದೆ. ಚೀಟಿಯಲ್ಲಿ 1,800 ಮುರಿದಿದ್ದು ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಖಾಲಿ ಇದ್ದರೆ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ, ಮತ್ತು ಕೇಳಲು ಆಧಾರ ಆ ಚೀಟಿಯೇ.

26ಎಎಸ್ ಜೊತೆ ತಾಳೆ ನೋಡುವುದು

ಫಾರಂ 16 ಸಿಕ್ಕಿತೆಂದು ರಿಟರ್ನ್ ಹಾಕಲು ಓಡಬೇಡಿ. ಮುರಿದ ತೆರಿಗೆ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ನೋಡುವುದು ಮುಖ್ಯ, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಹೆಚ್ಚು ಮುಖ್ಯ.

ಇಲಾಖೆಯ ಜಾಲತಾಣದ ಹೆಸರು ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್. ಕೊನೆಯಲ್ಲಿ ಜಿಒವಿ ಡಾಟ್ ಇನ್ ಇಲ್ಲದ್ದು ಇಲಾಖೆಯದಲ್ಲ. ಪ್ಯಾನ್ ಹಾಕಿ ಒಳಗೆ ಹೋದ ಮೇಲೆ 'ಇ-ಫೈಲ್', ಅದರಲ್ಲಿ 'ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್', ಅದರೊಳಗೆ 'ವ್ಯೂ ಫಾರಂ 26ಎಎಸ್'. ಒಪ್ಪಿಗೆ ಕೊಟ್ಟರೆ ಟ್ರೇಸಸ್‌ಗೆ ಕರೆದೊಯ್ಯುತ್ತದೆ. ಅಲ್ಲಿ ವರ್ಷ ಕೇಳುವಾಗ ಎಚ್ಚರ: ಕೇಳುವುದು ಅಸೆಸ್‌ಮೆಂಟ್ ವರ್ಷ, ಅಂದರೆ ದುಡಿದ ವರ್ಷದ ಮುಂದಿನ ವರ್ಷ. 2025-26ರ ಸಂಬಳಕ್ಕೆ 2026-27 ಆರಿಸಬೇಕು. 2025-26 ಆರಿಸಿ ಹಿಂದಿನ ವರ್ಷದ್ದು ನೋಡಿ ಗಾಬರಿಯಾಗುವವರು ತುಂಬಾ ಜನ.

ಸಂಸ್ಥೆಯ ಹೆಸರಿನ ಸಾಲನ್ನು ಬಿಚ್ಚಿದರೆ ಕಲಂ 192ರ ಕೆಳಗೆ ಒಂದೊಂದು ಕಡಿತವೂ ಕಾಣುತ್ತದೆ. ಮುರಿದದ್ದು ಎಷ್ಟು, ಜಮಾ ಆದದ್ದು ಎಷ್ಟು, ಮತ್ತು ಸ್ಥಿತಿ. ಸ್ಥಿತಿಯಲ್ಲಿ 'ಎಫ್' ಅಕ್ಷರ ಇದ್ದರೆ ಎಲ್ಲ ಸರಿ. 'ಯು' ಇದ್ದರೆ ಕಟ್ಟಿದ ಹಣ ತಾಳೆಯಾಗಿಲ್ಲ ಎಂದರ್ಥ. ಇದನ್ನು ಸರಿಪಡಿಸಲು ನಿಮ್ಮಿಂದ ಆಗದು, ಸಂಸ್ಥೆಯವರೇ ತಿದ್ದುಪಡಿ ಲೆಕ್ಕ ಸಲ್ಲಿಸಬೇಕು.

ಜೂನ್‌ವರೆಗೆ ಕಾಯುವ ಅಗತ್ಯವೂ ಇಲ್ಲ. ಸಂಸ್ಥೆಗಳು ತ್ರೈಮಾಸಿಕ ಲೆಕ್ಕ ಕೊಡುವ ಕಡೆಯ ದಿನ ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31. ಅದಾಗಿ ಒಂದೆರಡು ವಾರಕ್ಕೆ 26ಎಎಸ್ ತೆರೆದು ನೋಡುವ ರೂಢಿ ಇಟ್ಟುಕೊಂಡರೆ ತಪ್ಪು ಪ್ಯಾನ್‌ಗೆ ಹೋದ ಹಣ ಆಗಸ್ಟಿನಲ್ಲೇ ಗೊತ್ತಾಗುತ್ತದೆ.

ಫಾರಂ 16ರ ಬಿ ಭಾಗದಲ್ಲಿ ನೋಡಲೇಬೇಕಾದ ಒಂದು ಸಾಲಿದೆ: ಕಲಂ 115ಬಿಎಸಿಯಿಂದ, ಅಂದರೆ ಹೊಸ ತೆರಿಗೆ ಪದ್ಧತಿಯಿಂದ, ಹೊರಗೆ ಉಳಿಯುತ್ತಿದ್ದೀರಾ ಎಂಬ ಪ್ರಶ್ನೆ, ಮುಂದೆ ಹೌದು ಅಥವಾ ಇಲ್ಲ. 'ಇಲ್ಲ' ಎಂದಿದ್ದರೆ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದ್ದಾರೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಕ್ಕಿರುತ್ತದೆ, ಎಲ್‌ಐಸಿ, ಮಕ್ಕಳ ಶಾಲಾ ಶುಲ್ಕ ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ. 'ಹೌದು' ಎಂದಿದ್ದರೆ ಹಳೆ ಪದ್ಧತಿ, 50,000. ನೀವು ಹೇಳಿದ್ದೊಂದು, ಅವರು ಹಾಕಿದ್ದೊಂದು ಆಗಿದ್ದರೂ ಆತಂಕ ಬೇಡ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಕಡೆಯ ದಿನದೊಳಗೆ ರಿಟರ್ನ್ ಹಾಕುವಾಗ ಬದಲಿಸಿಕೊಳ್ಳಬಹುದು.

ಫಾರಂ 16 ಕೊಡುತ್ತಲೇ ಇಲ್ಲ ಎಂದರೆ

ಮೊದಲು ಕೇಳಿಕೊಳ್ಳಬೇಕಾದ್ದು: ತೆರಿಗೆ ಮುರಿದಿದ್ದಾರೆಯೇ? ಕಲಂ 203ರ ಪ್ರಕಾರ ಟಿಡಿಎಸ್ ಮುರಿದವರು ಮಾತ್ರ ಪ್ರಮಾಣಪತ್ರ ಕೊಡಬೇಕು. 2025-26ರಲ್ಲಿ ಹೊಸ ಪದ್ಧತಿಯವರಿಗೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ಅಂದರೆ ನಮ್ಮ ಜಿಲ್ಲೆಯ ಬಹುಪಾಲು ಸಂಬಳದಾರರಿಗೆ ಕಡಿತವೂ ಇಲ್ಲ, ಹಾಗಾಗಿ ಫಾರಂ 16 ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಬ್ಯಾಂಕಿನವರು ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಅಂಥವರು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ವಾರ್ಷಿಕ ಸಂಬಳ ಪ್ರಮಾಣಪತ್ರ, ಹನ್ನೆರಡು ತಿಂಗಳ ಚೀಟಿ, ಸಂಬಳ ಜಮಾ ಆಗುವ ಖಾತೆಯ ಸ್ಟೇಟ್‌ಮೆಂಟ್, ಹಾಕಿದ ರಿಟರ್ನ್ ಪ್ರತಿ ಇಷ್ಟನ್ನು ಒಟ್ಟಿಗೆ ಕೊಡಬೇಕು. ತೆರಿಗೆ ಸೊನ್ನೆಯಾದರೂ ಒಟ್ಟು ಆದಾಯ 4 ಲಕ್ಷ ದಾಟಿದ್ದರೆ ರಿಟರ್ನ್ ಹಾಕಲೇಬೇಕು ಎಂಬುದು ಬೇರೆ.

ಚೀಟಿಯಲ್ಲಿ ತೆರಿಗೆ ಮುರಿದದ್ದು ಕಾಣುತ್ತಿದ್ದು, ಜೂನ್ 15 ದಾಟಿಯೂ ಫಾರಂ ಬಾರದಿದ್ದರೆ ಫೋನು ಬಿಟ್ಟು ಬರಹಕ್ಕೆ ಬನ್ನಿ. ಮೇಲ್ ಹೀಗಿರಲಿ:

"ಮಾನ್ಯರೆ, ನಾನು ನಿಮ್ಮ ಸಂಸ್ಥೆಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಿದ್ದೇನೆ. ನೌಕರ ಸಂಖ್ಯೆ ಮತ್ತು ಪ್ಯಾನ್ ಕೆಳಗೆ ಕೊಟ್ಟಿದ್ದೇನೆ. 2025-26ನೇ ಹಣಕಾಸು ವರ್ಷದಲ್ಲಿ ನನ್ನ ವೇತನದಿಂದ ಇಷ್ಟು ರೂಪಾಯಿ ತೆರಿಗೆ ಕಡಿತವಾಗಿರುವುದು ಲಗತ್ತಿಸಿದ ವೇತನ ಚೀಟಿಗಳಲ್ಲಿದೆ. ಆದಾಯ ತೆರಿಗೆ ಕಾಯ್ದೆ 1961ರ ಕಲಂ 203ರಂತೆ ಫಾರಂ 16ರ ಎ ಮತ್ತು ಬಿ ಭಾಗಗಳನ್ನು ಈ ಮೇಲ್ ವಿಳಾಸಕ್ಕೆ ಏಳು ದಿನದೊಳಗೆ ಕಳಿಸಿಕೊಡಬೇಕಾಗಿ ವಿನಂತಿ."

ಎಚ್‌ಆರ್ ಜೊತೆಗೆ ಲೆಕ್ಕಪತ್ರ ವಿಭಾಗಕ್ಕೂ ಪ್ರತಿ ಹಾಕಿ. ಎಷ್ಟೋ ಕಡೆ ಎಚ್‌ಆರ್‌ಗೆ ಟ್ರೇಸಸ್ ಎಂದರೆ ಏನೆಂದೇ ಗೊತ್ತಿರುವುದಿಲ್ಲ, ಅದು ಅಕೌಂಟ್ಸ್‌ನವರ ಕೆಲಸ. ಉತ್ತರ ಬಾರದಿದ್ದರೆ ಅದೇ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ತಡಮಾಡಿದ ಸಂಸ್ಥೆಗೆ ಕಲಂ 272ಎ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ ಬೀಳಬಹುದು, ಮುರಿದ ತೆರಿಗೆಯ ಮೊತ್ತ ಮೀರದಂತೆ. ಮೊದಲ ಪತ್ರದಲ್ಲೇ ಇದನ್ನು ಬರೆದು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ, ಎರಡನೆಯದಕ್ಕೆ ಇಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಇಲಾಖೆಯ ಪೋರ್ಟಲಿನ ಕುಂದುಕೊರತೆ ವಿಭಾಗದಲ್ಲಿ ದೂರು ದಾಖಲಿಸಬಹುದು.

ಹಣ ಮುರಿದು ಸರ್ಕಾರಕ್ಕೆ ಕಟ್ಟದೇ ಇರುವವರೂ ಇದ್ದಾರೆ. ಆಗ 26ಎಎಸ್ ಖಾಲಿ. ಕಲಂ 205 ನಿಮ್ಮ ರಕ್ಷಣೆಗಿದೆ: ಸಂಬಳದಿಂದ ಮುರಿದಾಗಿರುವ ತೆರಿಗೆಯನ್ನು ಮತ್ತೆ ನೌಕರನಿಂದ ವಸೂಲು ಮಾಡುವಂತಿಲ್ಲ. ಮುರಿದರು ಎಂದು ತೋರಿಸುವ ಹೊಣೆ ಮಾತ್ರ ನಿಮ್ಮದು, ಅದಕ್ಕೆ ಸಾಕ್ಷಿ ಸಂಬಳ ಚೀಟಿ ಮತ್ತು ಬ್ಯಾಂಕಿಗೆ ಬಂದ ನಿವ್ವಳ ಮೊತ್ತ. ಹನ್ನೆರಡು ತಿಂಗಳದ್ದೂ ತೆಗೆದಿಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಕೆಲಸ ಬಿಡುವವರು

ರಾಜೀನಾಮೆ ಕೊಟ್ಟ ದಿನ ಮಾಡಬೇಕಾದ ಮೊದಲ ಕೆಲಸ ಪೋರ್ಟಲ್ ತೆರೆಯುವುದು. ಕೆಲವು ಸಂಸ್ಥೆಗಳು ಬಿಟ್ಟವರಿಗೂ ಕೆಲ ಕಾಲ ಲಾಗಿನ್ ಉಳಿಸುತ್ತವೆ, ಕೆಲವು ಕಡೆಯ ದಿನ ಸಂಜೆಗೇ ಮುಚ್ಚುತ್ತವೆ. ಸೇರಿದಂದಿನಿಂದ ಇಂದಿನವರೆಗಿನ ಎಲ್ಲ ಚೀಟಿ, ಹಿಂದಿನ ವರ್ಷಗಳ ಫಾರಂ 16, ಐಟಿ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಪೋರ್ಟಲಿನಲ್ಲಿ ಸ್ವಂತ ಮೇಲ್ ಮತ್ತು ಮೊಬೈಲ್ ಸರಿಯಾಗಿದೆಯೇ ನೋಡಿ. ಆ ವರ್ಷದ ಫಾರಂ 16 ಬರುವುದು ಮುಂದಿನ ಜೂನಿನಲ್ಲಿ, ಆಗ ಆಫೀಸಿನ ಮೇಲ್ ನಿಮ್ಮದಾಗಿರುವುದಿಲ್ಲ. ಅಂತಿಮ ಲೆಕ್ಕದ ಚೀಟಿಯೂ ಹೊರಬಂದ ಮೇಲೆ ಬರುವಂಥದು. ವೇತನ ಸಂಹಿತೆಯ ಪ್ರಕಾರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು, ಅದರ ಚೀಟಿಯನ್ನೂ ಕೇಳಿ ಪಡೆಯಿರಿ.

ಹೊಸ ಕಡೆ ಸೇರಿದ ಮೇಲೆ ಹಿಂದಿನ ಸಂಬಳದ ವಿವರವನ್ನು ಫಾರಂ 12ಬಿಯಲ್ಲಿ ಕೊಡಿ. ಕೊಡದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ 75,000 ಕಳೆಯುತ್ತಾರೆ, ಇಬ್ಬರೂ ಕೆಳಗಿನ ದರದಿಂದಲೇ ಲೆಕ್ಕ ಶುರುಮಾಡುತ್ತಾರೆ. ಕೈಗೆ ಹೆಚ್ಚು ಬಂತೆಂದು ಖುಷಿಯಾಗುತ್ತದೆ, ಜುಲೈನಲ್ಲಿ ಎರಡೂ ಫಾರಂ 16 ಕೂಡಿಸಿದಾಗ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಫಾರಂ ಇಲ್ಲದೆಯೇ ರಿಟರ್ನ್

ಕೊನೆಗೂ ಫಾರಂ 16 ಸಿಗಲಿಲ್ಲವೆಂದು ರಿಟರ್ನ್ ನಿಲ್ಲಿಸಬೇಡಿ. ಹನ್ನೆರಡು ಚೀಟಿಗಳ ಒಟ್ಟು ಸಂಬಳವನ್ನು ಕೂಡಿಸಿ. ಬೋನಸ್, ತುಟ್ಟಿಭತ್ಯೆ ಹಿಂಬಾಕಿ ಬಂದಿದ್ದರೆ ಅದೂ ಸೇರಲಿ. ಪೋರ್ಟಲಿನ ಎಐಎಸ್‌ನಲ್ಲಿ ಸಂಸ್ಥೆ ತೋರಿಸಿದ ಸಂಬಳದ ಮೊತ್ತ ಇರುತ್ತದೆ, ಅದರ ಜೊತೆ ತಾಳೆ ನೋಡಿ. ಟಿಡಿಎಸ್ ಅಂಕಿಯನ್ನು 26ಎಎಸ್‌ನಿಂದ ತೆಗೆದುಕೊಳ್ಳಿ. ಸಂಸ್ಥೆಯ ಟ್ಯಾನ್ ಕೂಡ ಅಲ್ಲೇ ಸಿಗುತ್ತದೆ. ಇಷ್ಟಿದ್ದರೆ ಐಟಿಆರ್-1 ಎಂಬ ರಿಟರ್ನ್ ನಮೂನೆ ತುಂಬಲು ಸಾಕು. ಕಡೆಯ ದಿನ ಸಾಮಾನ್ಯವಾಗಿ ಜುಲೈ 31.

ಇದನ್ನು ಸೈಬರ್ ಸೆಂಟರಿನಲ್ಲಿ ಮಾಡಿಸುವುದಾದರೆ ಮುಗಿದ ಮೇಲೆ ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಿಂದ ನಿಮ್ಮ ಫೈಲುಗಳನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದು, ಲಾಗೌಟ್ ಆಗಿ ಏಳಿ. ಪಾಸ್‌ವರ್ಡನ್ನು ಅಂಗಡಿಯವರ ನೋಟ್‌ಬುಕ್ಕಿನಲ್ಲಿ ಬರೆಸುವ ರೂಢಿ ಅಷ್ಟು ಒಳ್ಳೆಯದಲ್ಲ, ಅವರು ಎಷ್ಟೇ ಪರಿಚಯದವರಾಗಿರಲಿ. ಮತ್ತು ರಿಟರ್ನ್ ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಆಧಾರ್ ಒಟಿಪಿ ಬಾರದ ಊರಿನಲ್ಲಿದ್ದರೆ ನೆಟ್ ಬ್ಯಾಂಕಿಂಗ್‌ನಿಂದ ಮಾಡಿ, ಅದೂ ಇಲ್ಲದಿದ್ದರೆ ಐಟಿಆರ್-ವಿ ಎಂಬ ರಿಟರ್ನ್ ಸ್ವೀಕೃತಿಯ ಪ್ರತಿಗೆ ಸಹಿ ಹಾಕಿ ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರವಾದ ಬೆಂಗಳೂರಿನ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ.